ರಾಯಚೂರಿನ ಮಸಣದಿಂದ ಕೇಡಗಾಂವ್‌ನ ಮುಕ್ತಿಯವರೆಗೆ

1870ರ ದಶಕದ ನಡುಭಾಗ. ದಕ್ಷಿಣ ಭಾರತವನ್ನು ಬರ ಹಿಂಡುತ್ತಿದ್ದ ಕಾಲ. ಊರೂರು ಅಲೆಯುತ್ತ ರಾಯಚೂರಿಗೆ ಬಂದು ಸೇರಿದ್ದ ಒಂದು ಬ್ರಾಹ್ಮಣ ಕುಟುಂಬದ ತಾಯಿ ಜ್ವರದಿಂದಲೂ ಹಸಿವಿನಿಂದಲೂ ಹಾಸಿಗೆ ಹಿಡಿದಿದ್ದರು. ತಾಯಿಯ ಬಾಯಿಗೆ ಒಂದು ತುಂಡು ರೊಟ್ಟಿ ತರಲು ಕಿರಿಯ ಮಗಳು ನೆರೆಮನೆಯ ಬಾಗಿಲಿಗೆ ಹೋದಳು. ವಿದ್ವಾಂಸರ ಮನೆಯ ಮಗಳು. ಭಿಕ್ಷೆ ಬೇಡಿ ಅಭ್ಯಾಸವಿಲ್ಲ. ಮಾತು ಹೊರಡದೆ ಬಾಗಿಲಲ್ಲಿ ನಿಂತು ಅತ್ತಳು. ಆ ಮನೆಯಾಕೆ ಕರುಣೆಯಿಂದ ಸಜ್ಜೆ ರೊಟ್ಟಿ ಕೊಟ್ಟರು. ಅದನ್ನು ತಂದಾಗ ತಾಯಿಗೆ ಅಗಿಯುವ ಶಕ್ತಿಯೂ ಉಳಿದಿರಲಿಲ್ಲ. ಪ್ರಾಣ ಹೋಯಿತು.

ಶವ ಹೊರಲು ನಾಲ್ಕು ಜನ ಬೇಕಿತ್ತು. ಪರಸ್ಥಳದವರ ಹೆಣಕ್ಕೆ ಹೆಗಲು ಕೊಡುವವರು ಸಿಗಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಮುಂದೆ ಬಂದರು, ಮಗ ಮೂರನೆಯವನಾದ, ನಾಲ್ಕನೆಯ ಹೆಗಲು ಇದೇ ಮಗಳದು. ಹುಡುಗಿ ಕುಳ್ಳಗಿದ್ದಳು, ಹೆಗಲ ಮೇಲೆ ಹೊತ್ತರೆ ಚಟ್ಟ ಒಂದು ಕಡೆ ವಾಲುತ್ತಿತ್ತು. ಆದ್ದರಿಂದ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ಸುಮಾರು ಮೂರು ಮೈಲಿ ದೂರದ ಸ್ಮಶಾನಕ್ಕೆ ನಡೆದಳು.

ಆ ಹುಡುಗಿಯನ್ನು ಮುಂದೆ ಭಾರತ, ಇಂಗ್ಲೆಂಡ್, ಅಮೆರಿಕ ಮೂರೂ ದೇಶಗಳ ಜನ ಪಂಡಿತಾ ರಮಾಬಾಯಿ ಎಂದು ಕರೆದರು. ಮಹಾರಾಷ್ಟ್ರದ ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ಅವರಿಗೆ ದೊಡ್ಡ ಸ್ಥಾನವಿದೆ. ಆದರೆ ಹುಟ್ಟಿದ್ದು ಕನ್ನಡ ನಾಡಿನಲ್ಲಿ ಎಂಬುದು ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿಯದು.

ಗಂಗಾಮೂಲದ ಆಶ್ರಮ

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಪಶ್ಚಿಮ ಘಟ್ಟದ ಗಂಗಾಮೂಲ ಈಗ ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ. ಅಲ್ಲಿನ ದಟ್ಟ ಕಾಡಿನ ಒಂದು ಆಶ್ರಮದಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು, ಮರಾಠಿ ಮನೆಮಾತಿನ ಚಿತ್ಪಾವನರು. ಪುಣೆಯಲ್ಲಿ ಓದುವಾಗ ತಮ್ಮ ಗುರುಗಳು ಪೇಶ್ವೆ ಮನೆತನದ ಸ್ತ್ರೀಯೊಬ್ಬರಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡಿದ್ದರು. ಹೆಣ್ಣಿನ ನಾಲಿಗೆಯಲ್ಲೂ ಸಂಸ್ಕೃತ ಅಷ್ಟು ಶುದ್ಧವಾಗಿ ಹೊರಡುವುದಾದರೆ ತಮ್ಮ ಹೆಂಡತಿಗೂ ಏಕೆ ಕಲಿಸಬಾರದು ಎಂಬ ಆಸೆ ಅಂದೇ ಮೊಳೆಯಿತು.

ಮೊದಲ ಹೆಂಡತಿಯ ವಿಷಯದಲ್ಲಿ ಈ ಆಸೆ ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ್ದ ಶಾಸ್ತ್ರಿಗಳು ಗೋದಾವರಿ ತೀರದಲ್ಲಿ ಭೇಟಿಯಾದ ಯಾತ್ರಿಕರೊಬ್ಬರ ಒಂಬತ್ತು ವರ್ಷದ ಮಗಳನ್ನು ಮರುದಿನವೇ ಮದುವೆಯಾದರು. ಇಂದು ಇದನ್ನು ಓದಿದರೆ ಯಾರ ಮನಸ್ಸಿಗೂ ಕಸಿವಿಸಿಯಾಗುತ್ತದೆ, ಆಗಬೇಕಾದದ್ದೇ. ಆದರೆ ಈ ಬಾಲೆ ಲಕ್ಷ್ಮೀಬಾಯಿಗೆ ಗಂಡ ಅಕ್ಷರ ಕಲಿಸಿದರು, ಕಾವ್ಯ ಪುರಾಣಗಳನ್ನು ಕಲಿಸಿದರು. ಅದಕ್ಕಾಗಿ ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರುದ್ಧವಲ್ಲ ಎಂದು ಶಾಸ್ತ್ರಗಳಿಂದಲೇ ವಾದಿಸಿದರು. ಸಭೆ ಬಹಿಷ್ಕಾರ ಹಾಕಲಿಲ್ಲ. ಆದರೂ ಜನರ ನಡುವೆ ನೆಮ್ಮದಿ ಸಿಗದೆ ಕಾಡು ಸೇರಿದರು.

ಗಂಗಾಮೂಲಕ್ಕೆ ವಿದ್ಯಾರ್ಥಿಗಳು ಬಂದರು, ಯಾತ್ರಿಕರು ಬಂದರು. ಬಂದವರಿಗೆಲ್ಲ ಅನ್ನವಿಕ್ಕಿ ಶಾಸ್ತ್ರಿಗಳ ಆಸ್ತಿ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ತೀರ್ಥಯಾತ್ರೆಗೆಂದು ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದ. ಅಲ್ಲಿಂದ ಮುಂದೆ ಅವರಿಗೆ ಮನೆಯೆಂಬುದೇ ಇರಲಿಲ್ಲ. ದೇವಸ್ಥಾನದ ಜಗಲಿಯಲ್ಲೋ ನದಿಯ ಸೋಪಾನದಲ್ಲೋ ಕುಳಿತು ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು.

ಶಾಲೆಯ ಮುಖ ನೋಡದ ಈ ಹುಡುಗಿಗೆ ತಾಯಿಯೇ ಶಾಲೆ. ಬೆಳಗಿನ ಜಾವ, ಮನೆಗೆಲಸ ಶುರುವಾಗುವ ಮುನ್ನ, ನಿದ್ದೆಗಣ್ಣಿನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ತಾಯಿ ಶ್ಲೋಕ ಹೇಳಿಕೊಡುತ್ತಿದ್ದರು. ಹದಿನೈದರ ವೇಳೆಗೆ ಭಾಗವತದ ಸಾವಿರಾರು ಶ್ಲೋಕ, ಕೋಶ, ವ್ಯಾಕರಣ ಎಲ್ಲವೂ ಕಂಠಸ್ಥ. ಅಲೆದಾಟದಲ್ಲಿ ಕನ್ನಡ, ಹಿಂದಿ, ಮುಂದೆ ಬಂಗಾಳಿ ಕಿವಿಯಿಂದಲೇ ಬಂದವು. ರಮಾಬಾಯಿ ಮುಂದೆ ಅಮೆರಿಕದಲ್ಲಿ ಪ್ರಕಟಿಸಿದ ಪುಸ್ತಕವನ್ನು ಅರ್ಪಿಸಿದ್ದು ಈ ತಾಯಿಯ ನೆನಪಿಗೆ.

ಹಸಿವಿನ ಪಾಠ

1876ರಿಂದ 78ರವರೆಗಿನ ದೊಡ್ಡ ಬರವನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಅದಕ್ಕೂ ಎರಡು ಮೂರು ವರ್ಷ ಮೊದಲೇ ಮದರಾಸು ಪ್ರಾಂತದಲ್ಲಿ ಕೊರತೆ ಆರಂಭವಾಗಿತ್ತು. ಕೊರತೆ ಬಂದಾಗ ಪುರಾಣ ಕೇಳುವವರು ಯಾರು? ಕೈಯಲ್ಲಿದ್ದ ಹಣ ಹೋಯಿತು, ಒಡವೆ ಹೋಯಿತು, ಆಮೇಲೆ ಹಿತ್ತಾಳೆ ತಾಮ್ರದ ಪಾತ್ರೆಗಳು. ಶಾಸ್ತ್ರಿಗಳಿಗೆ ವಯಸ್ಸಾಗಿ ಕಣ್ಣು ಕಾಣದಾಗಿತ್ತು. ಪಂಡಿತರು ಕೂಲಿ ಮಾಡುವುದು ಮರ್ಯಾದೆಗೆ ಕುಂದು ಎಂಬ ಭಾವನೆ ಬೇರೆ. ದೇವರು ಏನಾದರೂ ದಾರಿ ತೋರಿಸುತ್ತಾನೆಂದು ವ್ರತ, ಜಪ, ದಾನಗಳಲ್ಲೇ ದಿನ ಕಳೆದರು. ಕೊನೆಗೆ ತಿರುಪತಿಯ ಸಮೀಪದ ಕಾಡು ಹೊಕ್ಕು ಹನ್ನೊಂದು ದಿನ ನೀರು, ಎಲೆ, ಕಾಡು ಈಚಲು ಹಣ್ಣಿನ ಮೇಲೆ ಜೀವ ಹಿಡಿದರು. ತೀರ್ಥದಲ್ಲಿ ಮುಳುಗಿ ಪ್ರಾಣ ಬಿಡುವ ನಿಶ್ಚಯಕ್ಕೂ ಬಂದಿದ್ದರು. ಆಗ ಮಗ ಶ್ರೀನಿವಾಸ, ಕುಲದ ಅಭಿಮಾನ ಬದಿಗಿಟ್ಟು ತಾನು ಕೂಲಿ ಮಾಡಿಯಾದರೂ ಸಾಕುತ್ತೇನೆಂದು ಮುಂದೆ ಬಂದ. ಆ ಮಾತು ಸ್ವಲ್ಪ ತಡವಾಗಿ ಬಂತು. 1874ರಲ್ಲಿ ತಂದೆ, ಕೆಲವೇ ತಿಂಗಳಲ್ಲಿ ರಾಯಚೂರಿನಲ್ಲಿ ತಾಯಿ, ಮತ್ತೆ ಕೆಲವು ತಿಂಗಳಿಗೆ ಅಕ್ಕ. ಉಳಿದವರು ಅಣ್ಣ ತಂಗಿ ಇಬ್ಬರೇ.

ಈ ಇಬ್ಬರು ದಕ್ಷಿಣದಿಂದ ಕಾಶ್ಮೀರದ ಕಡೆಗೂ ಅಲ್ಲಿಂದ ಪೂರ್ವಕ್ಕೂ ಸಾವಿರಾರು ಮೈಲಿ ನಡೆದರು. ಸಿಕ್ಕಿದ ಹಿಡಿ ಕಾಳನ್ನು ನೀರಿನಲ್ಲಿ ನೆನೆಸಿ ಉಪ್ಪು ಬೆರೆಸಿ ತಿಂದ ದಿನಗಳೇ ಹೆಚ್ಚು. ಪಂಜಾಬಿನ ಚಳಿಗಾಲದಲ್ಲಿ ಹೊದೆಯಲು ಕಂಬಳಿಯಿರಲಿಲ್ಲ. ಝೇಲಂ ನದಿಯ ದಂಡೆಯಲ್ಲಿ ಗೋರಿಯಂಥ ಎರಡು ಗುಂಡಿ ತೋಡಿ, ಮೈಮೇಲೆ ಕುತ್ತಿಗೆಯವರೆಗೆ ಒಣ ಮರಳು ಎಳೆದುಕೊಂಡು ಮಲಗಿದರು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬಹುದು. ಒಣ ಮರಳಿನ ಕಣಗಳ ಸಂದಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಉಷ್ಣದ ಮಂದವಾಹಕವಾದ್ದರಿಂದ ಮೈಯ ಶಾಖ ಹೊರಗೆ ಸೋರುವುದು ನಿಧಾನವಾಗುತ್ತದೆ. ಅದೇ ಮರಳು ಒದ್ದೆಯಾಗಿದ್ದರೆ ಆ ಸಂದುಗಳಲ್ಲಿ ನೀರು ತುಂಬಿ ಶಾಖವನ್ನು ಬೇಗನೆ ಎಳೆದುಕೊಳ್ಳುತ್ತದೆ. ಪುಸ್ತಕ ಕಲಿಸದ ಈ ಪಾಠವನ್ನು ಚಳಿ ಕಲಿಸಿತ್ತು.

1878ರಲ್ಲಿ ಕಲ್ಕತ್ತ ತಲಪಿದಾಗ ಭಾಗ್ಯ ತಿರುಗಿತು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ಪಂಡಿತರು ಬೆರಗಾದರು. ಪರೀಕ್ಷೆ ನಡೆಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. ಊರೂರಲ್ಲಿ ಭಾಷಣಕ್ಕೆ ಕರೆ ಬಂತು. ಆದರೆ ಹೊಟ್ಟೆ ತುಂಬಿದ ಮೇಲೂ ಮನಸ್ಸಿನ ಪ್ರಶ್ನೆಗಳು ಹಾಗೆಯೇ ಇದ್ದವು. ಇಷ್ಟು ವ್ರತ ಮಾಡಿದ ತಂದೆ ತಾಯಿ ಏಕೆ ಹಾಗೆ ಸತ್ತರು? ಧರ್ಮಗ್ರಂಥಗಳನ್ನು ಇನ್ನೂ ಆಳವಾಗಿ ಓದಿದಷ್ಟೂ ಹೆಣ್ಣಿಗೆ ಸ್ವತಂತ್ರವಾದ ಮೋಕ್ಷದ ದಾರಿಯನ್ನು ಅವು ಹೇಳುತ್ತಿಲ್ಲವೆಂದು ಅವರಿಗೆ ತೋರತೊಡಗಿತು. ಅದು ಅವರ ಓದು. ಬೇರೆ ರೀತಿ ಓದಿದವರೂ ಇದ್ದಾರೆ. ಆದರೆ ಸ್ಮಶಾನಕ್ಕೆ ತಾಯಿಯನ್ನು ತಲೆಯ ಮೇಲೆ ಹೊತ್ತವಳ ಪ್ರಶ್ನೆಯನ್ನು ಕೇವಲ ವಿತಂಡವಾದವೆಂದು ತಳ್ಳಿಹಾಕಲಾಗದು.

ಕ್ರೈಸ್ತ ಪ್ರಾರ್ಥನಾ ಕೂಟವೊಂದನ್ನು ಅವರು ಮೊದಲು ಕಂಡದ್ದೂ ಕಲ್ಕತ್ತದಲ್ಲೇ. ಜನ ಕುರ್ಚಿಗಳ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿದ್ದನ್ನು ನೋಡಿ, ಇವರು ಕುರ್ಚಿಗಳನ್ನೇ ಪೂಜಿಸುತ್ತಾರೆಂದು ಅಣ್ಣ ತಂಗಿ ಭಾವಿಸಿದರಂತೆ! ಅಲ್ಲಿ ಸಿಕ್ಕ ಸಂಸ್ಕೃತ ಬೈಬಲ್ ಅರ್ಥವಾಗಲಿಲ್ಲ.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಅಣ್ಣನ ಸ್ನೇಹಿತ, ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ಜಾತಿಯ ಗೆರೆ ದಾಟಿ ನೋಂದಣಿ ವಿವಾಹವಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಕೈಗೆ ಬಂತು. ಅದನ್ನು ಆಸಕ್ತಿಯಿಂದ ಓದಿದರು. ಹೆಂಡತಿ ಕ್ರೈಸ್ತಳಾಗುವ ಮಾತು ಗಂಡನಿಗೆ ಹಿಡಿಸಲಿಲ್ಲ. 1882ರ ಫೆಬ್ರುವರಿಯಲ್ಲಿ ಕಾಲರಾ ಅವರನ್ನು ಒಯ್ದಿತು. ಇಪ್ಪತ್ತಮೂರರ ವಿಧವೆಯ ಕಂಕುಳಲ್ಲಿ ಹತ್ತು ತಿಂಗಳ ಕೂಸು ಮನೋರಮಾ.

ಪುಣೆಗೆ ಬಂದ ರಮಾಬಾಯಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಒತ್ತಿ ಹೇಳಿದರು. ತಾವೇ ವೈದ್ಯೆಯಾಗುವ ಆಸೆಯೂ ಇತ್ತು. ಮರಾಠಿಯಲ್ಲಿ ಬರೆದ 'ಸ್ತ್ರೀಧರ್ಮನೀತಿ' ಎಂಬ ಪುಸ್ತಕ ಮಾರಿ ಬಂದ ಹಣದಿಂದ 1883ರಲ್ಲಿ ಮಗುವಿನೊಡನೆ ಇಂಗ್ಲೆಂಡಿನ ಹಡಗು ಹತ್ತಿದರು.

ಫುಲ್ಹಾಮ್‌ನಲ್ಲಿ ಕಂಡದ್ದು

ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಆಂಗ್ಲಿಕನ್ ಸಂನ್ಯಾಸಿನಿಯರ ಮಠ ಅವರಿಗೆ ಆಶ್ರಯ ಕೊಟ್ಟಿತು. ಹೊರಡುವಾಗ ತಾವು ಮತಾಂತರವಾಗುವುದಿಲ್ಲವೆಂದೇ ಹೇಳಿದ್ದರು. ಅವರ ಮನಸ್ಸನ್ನು ಬದಲಿಸಿದ್ದು ಯಾವ ಉಪದೇಶವೂ ಅಲ್ಲ, ಒಂದು ಭೇಟಿ. ಲಂಡನ್ನಿನ ಫುಲ್ಹಾಮ್‌ನಲ್ಲಿ ಆ ಮಠದವರು ನಡೆಸುತ್ತಿದ್ದ ಮನೆಯೊಂದಕ್ಕೆ ಅವರನ್ನು ಕರೆದೊಯ್ದರು. ಸಮಾಜ 'ಕೆಟ್ಟವರು' ಎಂದು ಹೊರದೂಡಿದ್ದ ಹೆಂಗಸರು ಅಲ್ಲಿದ್ದರು. ಅವರಿಗೆ ಕೆಲಸ ಕಲಿಸಿ, ಗೌರವ ಕೊಟ್ಟು, ಇತರರ ಸೇವೆಗೂ ಅಣಿಗೊಳಿಸುತ್ತಿದ್ದರು. ಪತಿತೆಯರ ಮೇಲೆ ಇಷ್ಟು ಕರುಣೆ ಏಕೆಂದು ರಮಾಬಾಯಿ ಕೇಳಿದರು. ಸೋದರಿಯೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆರೆದು, ಬಾವಿಯ ಬಳಿ ಕ್ರಿಸ್ತ ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗ ಓದಿದರು. ಬೇರೆ ಕುಲದವಳು, ಊರವರ ಬಾಯಿಗೆ ಬಿದ್ದವಳು. ಅವಳ ಬಳಿ ಗುರು ನೀರು ಬೇಡುತ್ತಾನೆ, ಅವಳಿಗೇ ದೇವರ ವಿಷಯ ಹೇಳುತ್ತಾನೆ. ಹೆಣ್ಣಿಗೆ ಮೋಕ್ಷವುಂಟೇ ಎಂಬ ಹಳೆಯ ಪ್ರಶ್ನೆಗೆ ರಮಾಬಾಯಿಗೆ ಉತ್ತರ ಸಿಕ್ಕಿದ್ದು ಇಲ್ಲಿ. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಹಾಗೆಂದು ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಶಿಷ್ಯೆಯಾಗಲಿಲ್ಲ. ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇ ಏಕಿರಬೇಕು, ಸಂಸ್ಕೃತ ಏಕಾಗದು ಎಂದು ವಾದಿಸಿದರು. ಸಿದ್ಧಾಂತದ ವಿಷಯಗಳಲ್ಲಿ ತಮ್ಮನ್ನು ಸಾಕಿದ ಸೋದರಿಯೊಡನೆಯೇ ಉದ್ದುದ್ದ ಪತ್ರಗಳಲ್ಲಿ ಜಗಳವಾಡಿದರು: ಬಹಳ ಕಷ್ಟದಿಂದ ಒಂದು ನೊಗ ಇಳಿಸಿಕೊಂಡವಳು ಇನ್ನೊಂದಕ್ಕೆ ಕುತ್ತಿಗೆ ಕೊಡಲಾರಳು ಎಂಬ ಧಾಟಿ ಆ ಪತ್ರಗಳದು. ಉಪಕಾರ ಪಡೆದವರು ಬಾಯಿ ಮುಚ್ಚಿಕೊಂಡಿರಬೇಕೆಂಬ ನಿರೀಕ್ಷೆ ಎಲ್ಲ ದೇಶಗಳಲ್ಲೂ ಇದೆ. ರಮಾಬಾಯಿ ಅದನ್ನು ಒಪ್ಪಿದವರಲ್ಲ.

ಕಿವಿ ಮಂದವಾದ್ದರಿಂದ ವೈದ್ಯೆಯಾಗುವ ಆಸೆ ಕೈಬಿಡಬೇಕಾಯಿತು. ಚೆಲ್ಟೆನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವು ಇಂಗ್ಲಿಷ್, ಗಣಿತ, ವಿಜ್ಞಾನ ಕಲಿತರು. 1886ರಲ್ಲಿ ತಮ್ಮ ಬಂಧು ಆನಂದಿಬಾಯಿ ಜೋಶಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿ ಶಿಶುವಿಹಾರದ ಶಿಕ್ಷಣ ಪದ್ಧತಿ ಅಭ್ಯಾಸ ಮಾಡಿದರು. ಮೇಲ್ಜಾತಿಯ ಹಿಂದೂ ಹೆಣ್ಣಿನ ಬಾಳನ್ನು ಕುರಿತು 1887ರಲ್ಲಿ ಇಂಗ್ಲಿಷ್‌ನಲ್ಲಿ ಪುಸ್ತಕ ಪ್ರಕಟಿಸಿದರು. ಅದನ್ನು ಓದಿದ ಅಮೆರಿಕನ್ನರು ಬಾಸ್ಟನ್ನಿನಲ್ಲಿ ಸಂಘ ಕಟ್ಟಿ, ಹತ್ತು ವರ್ಷ ಹಣ ಕೊಡಲು ಒಪ್ಪಿದರು.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಬಾಲವಿಧವೆಯರಿಗಾಗಿ 'ಶಾರದಾ ಸದನ' ತೆರೆಯಿತು. ಮರುವರ್ಷ ಪುಣೆಗೆ ಬಂತು. ಅದರ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಈಕೆಯನ್ನೇ 1893ರಲ್ಲಿ ಧೋಂಡೋ ಕೇಶವ ಕರ್ವೆ ಮದುವೆಯಾದದ್ದು. ಮುಂದೆ ಮಹಿಳಾ ವಿಶ್ವವಿದ್ಯಾಲಯ ಕಟ್ಟಿ 1958ರಲ್ಲಿ ಭಾರತರತ್ನರಾದ ಅದೇ ಮಹರ್ಷಿ ಕರ್ವೆ.

ಸದನದಲ್ಲಿ ಮತಬೋಧನೆ ಇಲ್ಲ, ಯಾರಿಗೂ ಒತ್ತಾಯವಿಲ್ಲ ಎಂಬುದು ಕರಾರು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ಮುಚ್ಚದೆ ಪ್ರಾರ್ಥಿಸುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಪುಣೆಯಲ್ಲಿ ಗುಲ್ಲೆದ್ದಿತು. 'ಕೇಸರಿ' ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮುಂತಾದ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರಬಂದರು. ಪಾಲಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಇದರಲ್ಲಿ ಒಂದೇ ಕಡೆಯ ತಪ್ಪು ಹುಡುಕುವುದು ಕಷ್ಟ. ನಂಬಿ ಮಕ್ಕಳನ್ನು ಕಳುಹಿಸಿದ ಪಾಲಕರ ಆತಂಕ ಸುಳ್ಳಲ್ಲ: ಗುರುವಿನ ಮೇಲೆ ಪ್ರೀತಿಯಿರುವ ಮಗು ಗುರುವಿನ ದಾರಿ ಹಿಡಿಯುವುದು ಸಹಜ, ಅದನ್ನು ಪೂರ್ಣ ಸ್ವತಂತ್ರ ಆಯ್ಕೆ ಎನ್ನಲಾದೀತೆ? ಇತ್ತ, ಸ್ವಂತ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಳ್ಳರಂತೆ ಪ್ರಾರ್ಥಿಸಬೇಕೆ ಎಂಬ ರಮಾಬಾಯಿಯವರ ಮಾತೂ ಸುಳ್ಳಲ್ಲ. ಆದರೆ ಮನೆಗೆ ಮರಳಿದ ಬಾಲವಿಧವೆಯರ ಓದು ಅಲ್ಲಿಗೇ ನಿಂತಿತಲ್ಲ ಎಂಬುದನ್ನು ಆ ಗದ್ದಲದಲ್ಲಿ ಹೆಚ್ಚು ಜನ ಕೇಳಲಿಲ್ಲ.

ರಮಾಬಾಯಿಯವರ ಒಳಗಿನ ಬದಲಾವಣೆಯೂ ಒಂದೇ ದಿನದ್ದಲ್ಲ. ದೀಕ್ಷೆ ಪಡೆದಾಗ ತಮಗೆ ದೊರೆತದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತ ಅಲ್ಲ ಎಂದು 1907ರಲ್ಲಿ ತಮ್ಮ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾರೆ. ಎಂಟು ವರ್ಷ ಬುದ್ಧಿಯಿಂದ ನಂಬಿ, ಮನಸ್ಸಿನಲ್ಲಿ ತಳಮಳ ಅನುಭವಿಸಿದ ಮೇಲೆ, 1891ರ ಸುಮಾರಿಗೆ, ಅರ್ಹತೆಯಿಂದ ಗಳಿಸಬೇಕಾದ್ದಲ್ಲ, ಕೊಟ್ಟದ್ದನ್ನು ಸ್ವೀಕರಿಸಬೇಕಾದ್ದು ಕೃಪೆ ಎಂದು ಹೊಳೆಯಿತಂತೆ. ವ್ರತಗಳನ್ನು ಲೆಕ್ಕ ಹಾಕಿಯೇ ಬೆಳೆದ ಮನೆಯ ಮಗಳಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು ಊಹಿಸಬಹುದು.

ಮತ್ತೆ ಬರ

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಸುದ್ದಿ ಕೇಳಿದ ರಮಾಬಾಯಿಗೆ ಇಪ್ಪತ್ತೆರಡು ವರ್ಷದ ಹಿಂದಿನ ದಿನಗಳು ಕಣ್ಣಿಗೆ ಕಟ್ಟಿದವು. ತಾವೇ ಹೊರಟರು. ಗಂಜಿ ಕೇಂದ್ರಗಳಲ್ಲಿ ಅಸ್ಥಿಪಂಜರದಂಥ ಮಕ್ಕಳು. ಅವರ ಸುತ್ತ ಹೆಣ್ಣುಮಕ್ಕಳನ್ನು ಕೊಂಡೊಯ್ಯಲು ಕಾದಿದ್ದ ದಲ್ಲಾಳಿಗಳು. ಸಂಸ್ಥೆಯಲ್ಲಿ ಹಣವಿಲ್ಲದಿದ್ದರೂ ಮುನ್ನೂರು ಮಂದಿಯನ್ನು ಕರೆತರುವ ನಿರ್ಧಾರ ಮಾಡಿದರು. ಪುಣೆಯಲ್ಲಿ ಪ್ಲೇಗ್ ಹರಡಿತ್ತು, ಹೊಸ ಹುಡುಗಿಯರನ್ನು ಅಲ್ಲಿ ಇರಿಸುವಂತಿರಲಿಲ್ಲ. ಪುಣೆಯಿಂದ ಸೊಲ್ಲಾಪುರದ ರೈಲು ದಾರಿಯಲ್ಲಿ, ಕೇಡಗಾಂವ್‌ನಲ್ಲಿ, ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಸುಮಾರು ನೂರು ಎಕರೆ ಬಯಲಿತ್ತು. ಅಲ್ಲಿ ಗುಡಾರ ಹೊಡೆದರು. ಆ ಬಯಲಿಗೆ ಇಟ್ಟ ಹೆಸರೇ 'ಮುಕ್ತಿ'.

ಹಸಿದವರನ್ನು ಕರೆತರುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ರಕ್ತದಲ್ಲಿನ ಲವಣಗಳ ಸಮತೋಲ ತಪ್ಪಿ ಹೃದಯವೇ ನಿಲ್ಲಬಹುದು ಎಂದು ವೈದ್ಯರು ಈಗ ಹೇಳುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು, ಸಿಡುಬು ಕಜ್ಜಿಗಳಿಗೆ ಮದ್ದು ಮಾಡಬೇಕು, ಅನ್ನ ಕಂಡರೆ ಕಸಿದು ಬಚ್ಚಿಡುವ ಭಯವನ್ನೂ ಕಳೆಯಬೇಕು. ಗುಜರಾತಿನ 1900ರ ಬರದ ಹೊತ್ತಿಗೆ ಮುಕ್ತಿಯಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು. ಅಷ್ಟು ಜನರ ಕುಡಿಯುವ ನೀರಿಗೆ ಬಾವಿ ತೋಡಿದರು. ಹಾಗೆಯೇ ಮಗ್ಗ, ಎಣ್ಣೆ ಗಾಣ, ಹೈನುಗಾರಿಕೆ, ತೋಟ, ಹೊಲಿಗೆ, ಮುದ್ರಣಾಲಯ. ಯಾರೂ ಕೂತು ಉಣ್ಣುವಂತಿರಲಿಲ್ಲ. ಪ್ರತಿಯೊಬ್ಬಳಿಗೂ ಓದು, ಜೊತೆಗೆ ಒಂದು ಕಸುಬು. ಕೂಲಿ ಮಾಡಲು ನಾಚಿ ಉಪವಾಸವಿದ್ದ ಮನೆಯ ಮಗಳು ನಡೆಸಿದ ಶಾಲೆಯಿದು ಎಂಬುದನ್ನು ಮರೆಯಬಾರದು. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸುವ ವ್ಯವಸ್ಥೆ ಮಾಡಿದವರು ಮಗಳು ಮನೋರಮಾ. ನಮ್ಮ ಗುಲ್ಬರ್ಗದಲ್ಲಿ, ಆಗ ನಿಜಾಮರ ಸೀಮೆ, 1910ರ ನಂತರದ ವರ್ಷಗಳಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯುವುದರಲ್ಲೂ ಆಕೆಯ ಕೈಯಿತ್ತು.

ಇದೆಲ್ಲದರ ನಡುವೆ ರಮಾಬಾಯಿ ಇನ್ನೊಂದು ಕೆಲಸ ಹಿಡಿದಿದ್ದರು. ಅಂದಿನ ಮರಾಠಿ ಬೈಬಲ್ ಪಂಡಿತರ ಭಾಷೆಯಲ್ಲಿತ್ತು, ಹಳ್ಳಿಯ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಐವತ್ತರ ಆಸುಪಾಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಮೂಲದಿಂದಲೇ ಸರಳ ಮರಾಠಿಗೆ ತರಲು ಕುಳಿತರು. ಸಂಸ್ಕೃತದಲ್ಲಿ ಆಶುಕವಿತೆ ಕಟ್ಟಬಲ್ಲವರು ಬೇಕೆಂದೇ ಆಡುಮಾತನ್ನು ಆರಿಸಿಕೊಂಡರು. ಅಚ್ಚುಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರಲ್ಲಿ ಮನೋರಮಾ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಕಿವಿ ಪೂರ್ತಿ ಮಂದವಾಗಿದ್ದ ಮುದುಕಿ ಮತ್ತೆ ಕರಡಚ್ಚು ತಿದ್ದಲು ಕುಳಿತರು. 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ನಿಧನರಾದಾಗ ಅನುವಾದ ಮುಗಿದಿತ್ತು. ಪುಸ್ತಕ 1924ರಲ್ಲಿ ಹೊರಬಂತು. 1989ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಮುಕ್ತಿ ಸದನ ಕೇಡಗಾಂವ್‌ನಲ್ಲಿ ಇಂದಿಗೂ ನಡೆಯುತ್ತಿದೆ. ಅನಾಥ ಹೆಣ್ಣುಮಕ್ಕಳು ಅಲ್ಲಿ ಓದುತ್ತಿದ್ದಾರೆ.